ಅಳುವ ಶಾಟು

ಡೊಂಬಿವಲಿ ಪೂರ್ವ
11 ಫೆಬ್ರವರಿ 2025

ಸಂಜನಾ,

ಆಶೀರ್ವಾದ ಅಂತ ಬರೆಯಲು ಹೊರಟು ಕೈ ನಿಂತಿತು. ಅದು ಇದ್ದೇ ಇದೆ ಅಂತ ಇಟ್ಟುಕೋ.

ಫೋನು ಸ್ವಿಚ್ ಆಫ್ ಮಾಡಿ ಕಪಾಟಿನೊಳಗೆ ಹಾಕಿದ್ದೇನೆ, ಅದಕ್ಕೇ ಈ ಕಾಗದ. ಶನಿವಾರ ನಿಮ್ಮ ಬೇಲಾಪುರದ ಕಾಲೇಜಿನಲ್ಲಿ ಸಿನೆಮಾ ತೋರಿಸಿದಿರಿ. ಭಾನುವಾರ ಬೆಳಿಗ್ಗೆಯಷ್ಟೊತ್ತಿಗೆ ಅದರ ಒಂದು ತುಂಡು ನಮ್ಮ ಬಿಲ್ಡಿಂಗ್ ಸೊಸೈಟಿಯ ವಾಟ್ಸಾಪ್ ಗ್ರೂಪಿಗೆ ಬಂದಾಗಿತ್ತು. ಮೇಲಿನ ಮಾಳಿಗೆಯ ಪುಷ್ಪಾವತಿ ಫೋನ್ ಮಾಡಿ, "ವಾರಿಜಕ್ಕ, ಎಂಥ ಅಳು ಮಾರಾಯ್ರೆ! ನಾವೆಲ್ಲ ತಿಂಡಿ ತಿನ್ನುತ್ತಾ ಮತ್ತೆ ಮತ್ತೆ ಹಾಕಿ ನೋಡಿದೆವು," ಅಂದಳು. ನನ್ನ ಅಳುವಿನ ಜೊತೆ ಇಡ್ಲಿ. ಅವಳದ್ದೇನು ತಪ್ಪು, ಅವಳು ಅದನ್ನು ನಟನೆ ಅಂದುಕೊಂಡಿದ್ದಾಳೆ. ನಿನ್ನ ಮಾವನೂ ಹಾಗೇ ಅಂದುಕೊಂಡಿದ್ದಾರೆ. ಅವರಿಗೆ ನಾನು ಏನೂ ಹೇಳಿಲ್ಲ. ಆವತ್ತು ನನ್ನ ಪಕ್ಕದಲ್ಲಿ ಕೂತು ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ಹೊಡೆದವರು ಅವರೇ. ನನ್ನ ಮೂಗು ಆ ಪರದೆಯಷ್ಟು ದೊಡ್ಡದಾಗಿ, ಅದರಿಂದ ಸಿಂಬಳ ಇಳಿದು ಬಾಯಿಗೆ ಹೋಗುವುದನ್ನು ನೂರು ಜನ ನೋಡುತ್ತಿದ್ದರು. ಮುಂದಿನ ಸಾಲಿನ ಹುಡುಗಿಯೊಬ್ಬಳು "ವ್ಹಾ!" ಅಂದಳು. ನಾನು ಎದ್ದು ಹೋದದ್ದು ಬಾತ್‌ರೂಮಿಗಲ್ಲ, ಹೊರಗೆ ರಸ್ತೆಗೆ.

ಇಷ್ಟು ದಿನ ಬಾಯಿ ಮುಚ್ಚಿಕೊಂಡಿದ್ದೆ. ಈಗ ಒಂದು ಸಲ ಬರೆದುಬಿಡುತ್ತೇನೆ.

ಕಥೆ ನಿನ್ನದು. ಹೊಟೇಲಿನ ಅಡುಗೆಮನೆಯಲ್ಲಿರುವ ಹೆಂಗಸಿಗೆ ತನ್ನ ತಮ್ಮ ಲೋಕಲ್ ರೈಲುಗಾಡಿಯಿಂದ ಬಿದ್ದು ಸತ್ತ ಸುದ್ದಿ ಬರುವ ಕಥೆ. ಅದು ನಿನ್ನ ಅಪ್ಪನ ಕಥೆ, ಆ ಹೆಂಗಸು ನಾನು ಅಂತ ಓದುವಾಗಲೇ ಗೊತ್ತಾಗಿತ್ತು. ಆದರೂ ನೀನು ಕೇಳಿದೆ ಅಂತ ಒಪ್ಪಿಕೊಂಡೆ. ಡಿಸೆಂಬರಿನಲ್ಲಿ ನಮ್ಮದೇ ಹೊಟೇಲಿನ ಅಡುಗೆಮನೆಯಲ್ಲಿ ನಿಮ್ಮ ದೀಪ, ವಯರು ಎಲ್ಲ ಬಂತು. ಸುದ್ದಿ ಬರುವ ದೃಶ್ಯವನ್ನು ನಾನು ಮಾಡಿ ತೋರಿಸಿದೆ. ನಿನ್ನ ಡೈರೆಕ್ಟರ್ ಸಮಿತ್‌ಗೆ ಸರಿಬರಲಿಲ್ಲ. ಮಾಡಿದಷ್ಟೂ ಸಲ "ಆಂಟಿ, ಫೀಲ್ ನಹೀ ಆ ರಹಾ," ಅಂದ, ಭಾವ ಬರುತ್ತಿಲ್ಲವಂತೆ.

ಮರುದಿನ ನೀನು ಇರಲಿಲ್ಲ. "ಇವತ್ತು ಬರೀ ಲೈಟ್ ನೋಡೋದು ಆಂಟಿ, ನೀವು ನಿಮ್ಮ ಕೆಲಸ ಮಾಡ್ತಾ ಇರಿ," ಅಂತ ಸಮಿತ್ ಹಿಂದಿಯಲ್ಲಿ ಹೇಳಿದ. ನಾನು ಹಿಟ್ಟಿಗೆ ಉಪ್ಪು ಹಾಕಿ ಕೈಯಲ್ಲಿ ಕಲಸುತ್ತಿದ್ದೆ. ಆಗ ನಿನ್ನ ಗೆಳತಿ ದಿಶಾ ಓಡಿಬಂದಳು. ಮಾಮೂಲಾಗಿ ಆ ಹುಡುಗಿ ನನ್ನ ಹತ್ತಿರ ಹಿಂದಿಯಲ್ಲೇ ಮಾತಾಡುವುದು. ಆವತ್ತು ಕನ್ನಡದಲ್ಲಿ ಹೇಳಿದಳು: "ಆಂಟಿ, ಸಂಜನಾ ದಿವಾ ಸ್ಟೇಷನ್ ಹತ್ತಿರ ಗಾಡಿಯಿಂದ ಬಿದ್ಲಂತೆ."

ಮುಂದಿನದ್ದನ್ನು ನೀವೆಲ್ಲ ನೋಡಿದ್ದೀರಿ.

ಸಾಕಷ್ಟು ಆದಮೇಲೆ ಸಮಿತ್ "ಕಟ್! ಸುಪರ್ಬ್ ಆಂಟಿ!" ಅಂದ. ಸುಳ್ಳು, ಸುಮ್ಮನೆ, ಶಾಟಿಗೋಸ್ಕರ ಅಂದ. ನಾನು ನಂಬಲಿಲ್ಲ. ಹಿಟ್ಟಿನ ಕೈಯಲ್ಲೇ ನಿನಗೆ ಫೋನ್ ಮಾಡಿದೆ. ಅದು ಅವನ ಪ್ಯಾಂಟಿನ ಜೇಬಿನಲ್ಲಿ ಬಡಕೊಂಡಿತು. ನಿನ್ನ ಫೋನು, ಅವನ ಜೇಬಿನಲ್ಲಿ.

ಸಂಜೆ ನೀನು ಭಿವಂಡಿಯಿಂದ ಬಂದೆ. ತಲೆಯ ತುಂಬ ಹತ್ತಿಯ ಧೂಳು, ಮುಖದ ತುಂಬ ನಗು. "ಶಾಟ್ ಹೇಗಾಯ್ತು ಅತ್ತೆ?" ಅಂತ ಕೇಳಿದೆ. ನನಗೆ ಅಷ್ಟೇ ಸಾಕಾಯ್ತು. ನಿನ್ನ ಕೈಕಾಲು ಮುಟ್ಟಿ ನೋಡಿದೆ, ದೋಸೆ ಹಾಕಿಕೊಟ್ಟೆ.

ಭಾನುವಾರ ಊಟಕ್ಕೆ ಬರುವುದು ಬೇಡ.

ವಾರಿಜಾ

*

ಸಾನಪಾಡಾ
16 ಫೆಬ್ರವರಿ 2025

ಅತ್ತೆ,

ನೀವು ಬೇಡ ಅಂದರೂ ಇವತ್ತು ಡೊಂಬಿವಲಿಗೆ ಬಂದಿದ್ದೆ. ಹೊಟೇಲಿನ ಗಲ್ಲೆಯಲ್ಲಿ ದುಡ್ಡು ಎಣಿಸುತ್ತಾ ಮಾವ ಇದ್ದರು. ಒಳಗೆ ಹೋಗಿ ಬಂದು, "ಅತ್ತೆ ಮಲಗಿದ್ದಾಳೆ ಮಗಾ, ತಲೆನೋವಂತೆ," ಅಂದರು. ಪ್ಲೇಟು ಕೊಡುವ ಕಿಂಡಿಯಲ್ಲಿ ನಿಮ್ಮ ಸೀರೆ ಕಾಣಿಸುತ್ತಿತ್ತು. ವಾಪಸ್ ಬಂದು ಇದನ್ನು ಬರೆಯುತ್ತಿದ್ದೇನೆ. ಒತ್ತಕ್ಷರ ತಪ್ಪಿದರೆ ಕ್ಷಮಿಸಿ.

ನನಗೆ ಗೊತ್ತಿರಲಿಲ್ಲ ಅತ್ತೆ. ಇದನ್ನು ಹೇಗೆ ಬರೆದರೂ ನೆಪದ ಹಾಗೆ ಕಾಣುತ್ತದೆ, ಆದರೂ ಬರೆಯುತ್ತೇನೆ. ಆ ದಿನ ಬೆಳಿಗ್ಗೆ ಸಮಿತ್, "ಸಿನೆಮಾಕ್ಕೆ ಪವರ್‌ಲೂಮಿನ ಸದ್ದು ಬೇಕು, ನೀನೇ ಹೋಗಿ ರೆಕಾರ್ಡ್ ಮಾಡ್ಕೊಂಡು ಬಾ," ಅಂತ ನನ್ನನ್ನೂ ನಮ್ಮ ಕ್ಲಾಸಿನ ಮನೀಶನನ್ನೂ ಭಿವಂಡಿಗೆ ಕಳಿಸಿದ. "ಸೀನಲ್ಲಿ ಒಂದು ಫೋನ್ ಇಡಬೇಕು, ನಿಂದು ಕೊಟ್ಟು ಹೋಗು," ಅಂದ. ಕೊಟ್ಟೆ. ಮನೀಶನ ಹತ್ತಿರ ಫೋನ್ ಇತ್ತಲ್ಲ. ಕಿವಿ ಕಿವುಡಾಗುವವರೆಗೆ ಆ ಮಗ್ಗಗಳ ಮಧ್ಯೆ ನಿಂತು ರೆಕಾರ್ಡ್ ಮಾಡಿದೆ. ಇಡೀ ಸಿನೆಮಾದಲ್ಲಿ ಆ ಸದ್ದು ಎಲ್ಲೂ ಇಲ್ಲ. ಶನಿವಾರ ನೋಡುವಾಗ, ಎಡಿಟಿಂಗಲ್ಲಿ ಹೋಗಿರಬೇಕು ಅಂದುಕೊಂಡೆ. ಅದು ಬೇಕಾಗಿಯೇ ಇರಲಿಲ್ಲ. ನಾನು ಅಲ್ಲಿ ಇರಬಾರದಿತ್ತು, ಅಷ್ಟೇ.

ನೀವು ಅತ್ತದ್ದನ್ನು ನೋಡಿ ನನಗೂ ಅಳು ಬಂತು. ಅಪ್ಪನನ್ನು ನೆನೆದು ಅಳುತ್ತಿದ್ದೀರಿ ಅಂದುಕೊಂಡಿದ್ದೆ. ನೀವು ಅತ್ತದ್ದು ನನಗಾಗಿ ಅಂತ ನಿಮ್ಮ ಕಾಗದ ಓದಿದ ಮೇಲೆ ಗೊತ್ತಾಯಿತು.

ಸಮಿತ್‌ನನ್ನು ಕ್ಯಾಂಟೀನಿನಲ್ಲಿ ಹಿಡಿದೆ. ದಿಶಾನೂ ಇದ್ದಳು. "ನನ್ನ ಅತ್ತೆಗೆ ಏನು ಹೇಳಿದ್ದು ನೀನು?" ಅಂತ ಕೇಳಿದೆ. ಅವನು ಸ್ಯಾಂಡ್‌ವಿಚ್ ಕೆಳಗಿಡಲೂ ಇಲ್ಲ. "ಆಂಟಿ ಅಭೀ ಭೀ ಗುಸ್ಸಾ ಹೈ ಕ್ಯಾ?" ಅಂದ, ಇನ್ನೂ ಸಿಟ್ಟಾ ಅಂತ.

"ನಾನು ಸತ್ತೆ ಅಂತ ಹೇಳಿಸಿದ್ದೀಯ."

"ಸತ್ತೆ ಅಂತ ಯಾರೂ ಹೇಳಿಲ್ಲ. ಬಿದ್ದೆ ಅಂತ ಹೇಳಿದ್ದು," ಅಂದ. ಅದಕ್ಕಾಗಿಯಾದರೂ ಅವನಿಗೆ ಕನ್ನಡ ಬಂತು. "ದೇಖ್, ಐದು ನಿಮಿಷ ಕೂಡ ಆಗಿಲ್ಲ, ಆಮೇಲೆ ಹೇಳಿದೆವಲ್ಲ. ಅಸಲೀ ಚೀಜ್ ಸಿಕ್ಕಿತೋ ಇಲ್ವೋ? ಎಲ್ಲರೂ ಅದೇ ಶಾಟಿನ ಬಗ್ಗೆ ಮಾತಾಡ್ತಿದ್ದಾರೆ. ಕಥೆ ನಿನ್ನದು ಯಾರ್, ಥ್ಯಾಂಕ್ಯೂ ಹೇಳು ನನಗೆ."

ಅವನ ತುಟಿಯ ಮೂಲೆಯಲ್ಲಿ ಹಸಿರು ಚಟ್ನಿ ಅಂಟಿತ್ತು. ಇವನ ಜೊತೆ ಒಂದೇ ತಟ್ಟೆಯಲ್ಲಿ ತಿಂದಿದ್ದೇನಲ್ಲಾ ಅನ್ನಿಸಿತು. ನನ್ನ ಅಪ್ಪನ ವಿಷಯ ಅವನಿಗೆ ಹೇಳಿದ್ದು ನಾನೇ. ವಾಶಿಯಿಂದ ಬರುವಾಗ ಗಾಡಿಯ ಬಾಗಿಲಲ್ಲಿ ನಿಂತು ಹೇಳಿದ್ದೆ. ಆಗ ಅವನು ಎಷ್ಟು ಚೆನ್ನಾಗಿ ಕೇಳಿಸಿಕೊಂಡಿದ್ದ.

ನಾನೀಗ ಏನು ಮಾಡಲಿ, ನೀವೇ ಹೇಳಿ.

ಸಂಜನಾ

*

ಡೊಂಬಿವಲಿ ಪೂರ್ವ
27 ಫೆಬ್ರವರಿ 2025

ಸಂಜನಾ,

ನೀನು ಹೇಳಿದ್ದನ್ನು ನಂಬಿದ್ದೇನೆ. ತಲೆ ನಂಬಿತು. ಹೊಟ್ಟೆ ನಂಬಲು ಸ್ವಲ್ಪ ಸಮಯ ತೆಗೆದುಕೊಳ್ಳುತ್ತದೆ, ಅವಸರ ಮಾಡಬೇಡ.

ಹೊಟ್ಟೆ ಅಂದೆ, ಅದರದ್ದೇ ಸಂಗತಿ. ಹುದುಗು ಬಂದ ಹಿಟ್ಟಿನ ವಾಸನೆ ನನಗೀಗ ಆಗುವುದಿಲ್ಲ. ಮದುವೆಯಾಗಿ ಬಂದಾಗಿನಿಂದ ದಿನಾ ಬೆಳಿಗ್ಗೆ ನನ್ನ ಕೈ ಹಿಟ್ಟಿನಲ್ಲಿ. ಈಗ ಪಾತ್ರೆಯ ಮುಚ್ಚಳ ತೆಗೆದರೆ ಗಂಟಲಿಗೆ ಬರುತ್ತದೆ. ಮೂಗಿಗೆ ಸೆರಗು ಕಟ್ಟಿಕೊಂಡು ಕಲಸುತ್ತೇನೆ. "ಆ್ಯಸಿಡಿಟಿಯಾ?" ಅಂತ ಮಾವ ಕೇಳಿದರು. ಹೌದು ಅಂದೆ. ಮಾತ್ರೆ ತಂದುಕೊಟ್ಟಿದ್ದಾರೆ.

ಆವತ್ತು ನಿನ್ನ ಫೋನು ಅವನ ಜೇಬಿನಲ್ಲಿ ಬಡಕೊಂಡಾಗ ನಾನು ಮೋರಿಯ ಹತ್ತಿರ ಹೋಗಿ ಕೂತು ವಾಂತಿ ಮಾಡಿದೆ. ತಲೆ ಎತ್ತಿದರೆ ಕ್ಯಾಮರಾ ನನ್ನ ಕಡೆಗೇ ಇತ್ತು. ಅದರ ಮೇಲಿನ ಚಿಕ್ಕ ಕೆಂಪು ದೀಪ ಉರಿಯುತ್ತಿತ್ತು. ನನಗೆ ಕ್ಯಾಮರಾ ಗೊತ್ತಿಲ್ಲ, ಆದರೆ ಆ ದೀಪದ ಅರ್ಥ ನೀನೇ ಹೇಳಿಕೊಟ್ಟಿದ್ದೆ. ಅವನು ಅದನ್ನು ಸಿನೆಮಾದಲ್ಲಿ ಹಾಕಲಿಲ್ಲ. ಯಾಕೆ ಹಾಕಲಿಲ್ಲವೋ ಗೊತ್ತಿಲ್ಲ, ಅಳು ಚಂದ, ವಾಂತಿ ಚಂದವಲ್ಲ ಅಂತಿರಬೇಕು.

ದಿಶಾಳ ಮೇಲೆ ನನಗೆ ಸಿಟ್ಟು ಬರುವುದಿಲ್ಲ, ಹೇಸಿಗೆಯಾಗುತ್ತದೆ. ನನ್ನ ಕೈಯಿಂದ ಎಷ್ಟು ಸಲ ಉಂಡ ಹುಡುಗಿ. ಓಡಿಬಂದಾಗ ಅವಳ ಕಣ್ಣಲ್ಲಿ ನೀರಿತ್ತು, ಉಸಿರು ಕಟ್ಟಿತ್ತು. ಆ ಸಿನೆಮಾಕ್ಕೆ ಯಾರಾದರೂ ಪ್ರೈಜು ಕೊಡುವುದಾದರೆ ಅವಳಿಗೆ ಕೊಡಲಿ. ಆ ದಿನ ಅಲ್ಲಿ ನಟನೆ ಮಾಡಿದವಳು ಅವಳೊಬ್ಬಳೇ.

ಏನು ಮಾಡಲಿ ಅಂತ ಕೇಳಿದ್ದೀಯ. ಆ ಶಾಟನ್ನು ಸಿನೆಮಾದಿಂದ ತೆಗೆಸು. ಬೇರೇನೂ ಬೇಡ. ನನ್ನ ಹತ್ತಿರ ಯಾರೂ ಬಂದು ಕ್ಷಮೆ ಕೇಳುವುದು ಬೇಡ. ಕ್ಷಮಿಸಿದೆ ಅನ್ನಬೇಕಾಗುತ್ತದೆ, ನಮ್ಮ ಬಾಯಿಗೆ ಅದೊಂದು ಅಭ್ಯಾಸ.

ಚೆನ್ನಾಗಿ ಊಟ ಮಾಡು. ಆ ಪೀಜಿಯ ಬೇಳೆಸಾರು ನೆಚ್ಚಿಕೊಂಡು ಇರಬೇಡ.

ನಿನ್ನ ಅತ್ತೆ
ವಾರಿಜಾ

*

ಸಾನಪಾಡಾ
17 ಮಾರ್ಚ್ 2025

ಅತ್ತೆ,

ತೆಗೆಸಲು ಆಗಿಲ್ಲ. ಅದನ್ನೇ ಮೊದಲು ಹೇಳಿಬಿಡುತ್ತೇನೆ. ಅದರ ಮೇಲೆ, ಸಿನೆಮಾ ಠಾಣೆ ಊರಿನ ಒಂದು ಫಿಲ್ಮ್ ಫೆಸ್ಟಿವಲಿಗೆ ಆಯ್ಕೆಯಾಗಿದೆ, ಮೇ ತಿಂಗಳಲ್ಲಿ. ಆ ಶಾಟಿನಿಂದಲೇ ಆಯ್ಕೆಯಾಯಿತು ಅಂತ ಎಲ್ಲರೂ ಅನ್ನುತ್ತಿದ್ದಾರೆ.

ಮೊದಲು ನಮ್ಮ ಕಶ್ಯಪ ಸರ್ ಹತ್ತಿರ ಹೋದೆ. ನಮಗೆ ಸಿನೆಮಾ ಕಲಿಸುವವರು ಅವರೇ. ಎಲ್ಲವನ್ನೂ ಹೇಳಿದೆ. ಕನ್ನಡಕ ತೆಗೆದು ಒರೆಸಿದರು. "ವಿಧಾನ ಸರಿಯಿಲ್ಲ, ಒಪ್ಪುತ್ತೇನೆ. ಆದರೆ ಶಾಟ್ ಅದ್ಭುತವಾಗಿದೆ ಸಂಜನಾ. ಆಗಿಹೋದದ್ದು ಆಗಿಹೋಯಿತು. ಈಗ ತೆಗೆದರೆ ನಿಮ್ಮ ಅತ್ತೆಯ ಕಣ್ಣೀರು ವ್ಯರ್ಥ ಆಗುವುದಿಲ್ಲವಾ?" ಅಂದರು. ತುಂಬ ಮೆತ್ತಗೆ ಅಂದರು. ಅವರ ಟೇಬಲ್ಲಿನ ಮೇಲೆ ಫೆಸ್ಟಿವಲಿನ ಪೋಸ್ಟರ್ ಆಗಲೇ ಬಂದಿತ್ತು. ಅದರಲ್ಲಿ ನಿಮ್ಮ ಮುಖ, ಅದೇ ಮುಖ.

ಆಮೇಲೆ ಇನ್ನೊಂದು. ಸಿನೆಮಾ ಮಾಡಿದವರೆಲ್ಲ "ನಾನು ಇದರಿಂದ ಕಲಿತ ಪಾಠ" ಅಂತ ಒಂದು ಪುಟ ಬರೆದು ಕ್ಲಾಸಿನ ಮುಂದೆ ಓದಬೇಕು, ಅದಕ್ಕೆ ಮಾರ್ಕು ಉಂಟು. ಒಬ್ಬರು ಟೀಮ್‌ವರ್ಕ್ ಕಲಿತರಂತೆ. ಒಬ್ಬರು ಬ್ಯಾಟರಿ ಚಾರ್ಜ್ ಮಾಡಿ ಇಟ್ಟುಕೊಳ್ಳಲು ಕಲಿತರಂತೆ. ದಿಶಾ ತನ್ನೊಳಗಿನ ಭಯ ಗೆಲ್ಲಲು ಕಲಿತಳಂತೆ. ಸಮಿತ್ ಓದಿದ್ದು, ನಿರ್ದೇಶಕ ತನ್ನ ಅಂತಃಪ್ರೇರಣೆಯನ್ನು ನಂಬಬೇಕು, ಕಲಾವಿದರು ಅವನನ್ನು ನಂಬಬೇಕು ಅಂತ. ನಂಬಿಕೆ ಅನ್ನುವ ಪದವನ್ನು ಅವನು ಎಷ್ಟು ಸಲ ಹೇಳಿದನೋ. ಪ್ರತಿ ಸಲವೂ ನನಗೆ ನನ್ನ ಫೋನು ಅವನ ಜೇಬಿನಲ್ಲಿ ಬಡಕೊಂಡ ಹಾಗಾಗುತ್ತಿತ್ತು.

ನನ್ನ ಸರದಿ ಬಂತು. ನಾನು ಬರೆದದ್ದು ಅರ್ಧ ಪುಟ. ಆ ಶಾಟು ಹೇಗೆ ಬಂತು ಅನ್ನುವುದನ್ನು ಆದ ಹಾಗೇ ಓದಿದೆ, ವಾಂತಿಯನ್ನೂ ಬಿಡದೆ. ನೀವು ಬೇಡ ಅನ್ನುತ್ತಿದ್ದಿರೋ ಏನೋ. ಕೊನೆಗೆ, "ನಾವು ಅಳುವವರನ್ನು ನೋಡಿದರೆ ನಿಲ್ಲಿಸುವುದಿಲ್ಲ, ಇನ್ನೂ ಹತ್ತಿರ ಹೋಗುತ್ತೇವೆ. ನಾನು ಕಲಿತದ್ದು ಇಷ್ಟು," ಅಂತ ಓದಿ ಕೂತೆ.

ಕಶ್ಯಪ ಸರ್, "ಇದು ಸ್ವಲ್ಪ ಪರ್ಸನಲ್ ಆಯಿತು. ಪಾಸಿಟಿವ್ ಆಗಿ ಮತ್ತೊಮ್ಮೆ ಬರೆದು ತಾ," ಅಂದರು. ಹಿಂದಿನ ಬೆಂಚಿನಿಂದ ಒಬ್ಬ ಎದ್ದು ನಿಂತು ಕೇಳಿದ, "ಸಮಿತ್, ಆ ವಾಂತಿಯ ಫೂಟೇಜ್ ಇನ್ನೂ ಇದೆಯಾ?" ನೋಡಲು ಕೇಳಿದ ಅತ್ತೆ. ತಮಾಷೆಗಲ್ಲ. ನಿಜವಾಗಿಯೂ ಅವನಿಗೆ ನೋಡಬೇಕಿತ್ತು.

ಹೊರಗೆ ಬಂದಾಗ ಮನೀಶ ಹಿಂದೆಯೇ ಬಂದ. ಎಡಿಟಿಂಗ್ ಮಾಡಿದವನು ಅವನು. ನನ್ನ ಜೊತೆ ಭಿವಂಡಿಗೆ ಬಂದಿದ್ದವನಿಗೆ ಆಗ ಏನೂ ಗೊತ್ತಿರಲಿಲ್ಲ, ಆದರೆ ಕತ್ತರಿಸುವಾಗ ಎಲ್ಲವನ್ನೂ ನೋಡಿದ್ದಾನೆ. ಜನವರಿಯಿಂದ ಗೊತ್ತು ಅವನಿಗೆ. "ಯಾಕೆ ಹೇಳಲಿಲ್ಲ?" ಅಂದೆ. "ಶಾಟ್ ಅಚ್ಛಾ ಥಾ," ಅಂದ. ಹೇಳಿದವನೇ ಅಲ್ಲೇ ಮೆಟ್ಟಿಲ ಮೇಲೆ ಕೂತುಬಿಟ್ಟ.

ಆಮೇಲೆ ಕತ್ತರಿಸದ ಪೂರ್ತಿ ಶಾಟನ್ನು ಕಂಪ್ಯೂಟರಿನಲ್ಲಿ ನನಗೆ ತೋರಿಸಿದ. ನೋಡಬಾರದು ಅಂದುಕೊಂಡೇ ನೋಡಿದೆ. ನೀವು "ಯಾವ ಆಸ್ಪತ್ರೆ? ಯಾವ ಆಸ್ಪತ್ರೆ?" ಅಂತ ಕೇಳುತ್ತಲೇ ಇದ್ದೀರಿ, ಯಾರೂ ಉತ್ತರ ಕೊಡುತ್ತಿಲ್ಲ. ಕ್ಯಾಮರಾದ ಹಿಂದಿನಿಂದ ಸಮಿತ್‌ನ ಪಿಸುಮಾತು ಕೇಳಿಸುತ್ತದೆ, "ಪಾಸ್ ಜಾ, ಔರ್ ಪಾಸ್," ಹತ್ತಿರ ಹೋಗು, ಇನ್ನೂ ಹತ್ತಿರ ಅಂತ. ಸಿನೆಮಾದಲ್ಲಿ ಆ ಸದ್ದನ್ನು ಅಳಿಸಿ ಕೊಳಲು ಹಾಕಿದ್ದಾರೆ.

ಇನ್ನು ಬರೆಯಲು ಆಗುವುದಿಲ್ಲ.

ಸಂಜನಾ

*

ಡೊಂಬಿವಲಿ ಪೂರ್ವ
3 ಏಪ್ರಿಲ್ 2025

ಮಗಾ,

ಸಮಿತ್ ಬಂದಿದ್ದ. ಬರಬಾರದು ಅಂತ ಬರೆದಿದ್ದೆ, ನೀನು ಕಳಿಸಿದ್ದಲ್ಲ ಅಂತ ಗೊತ್ತು. ಭಾನುವಾರ ಮಧ್ಯಾಹ್ನ, ಊಟದ ಗಿರಾಕಿಗಳೆಲ್ಲ ಹೋಗಿ ಆಗಿತ್ತು. ಜೊತೆಗೆ ಇನ್ನೊಬ್ಬ ಹುಡುಗ. ಸಮಿತ್ ಸೀದಾ ಅಡುಗೆಮನೆಗೆ ಬಂದು ನನ್ನ ಕಾಲಿಗೆ ಬಿದ್ದ. "ಆಂಟಿ, ಸಾರಿ. ಮನಸ್ಸಿಗೆ ಹಚ್ಕೋಬೇಡಿ. ನೀವು ನನ್ನ ಅಮ್ಮನ ಹಾಗೆ," ಅಂದ. ಒಳ್ಳೆಯ ಕನ್ನಡ, ಯಾರೋ ಹೇಳಿಕೊಟ್ಟಿರಬೇಕು. ನನಗೆ ಒಂದು ಕ್ಷಣ ಮನಸ್ಸು ಕರಗಿತು ಅಂತ ಹೇಳದಿದ್ದರೆ ಸುಳ್ಳಾಗುತ್ತದೆ. ಏಳು ಮಾರಾಯಾ ಅನ್ನಲು ಬಗ್ಗಿದೆ. ಬಗ್ಗಿದಾಗ ಆ ಇನ್ನೊಬ್ಬ ಕಂಡ. ಬಾಗಿಲ ಸಂದಿಯಲ್ಲಿ ಫೋನು ಎತ್ತಿ ಹಿಡಿದುಕೊಂಡು ಶೂಟ್ ಮಾಡುತ್ತಿದ್ದ.

"ಅದು ಎಂತ?" ಅಂತ ಕೇಳಿದೆ.

"ಮೇಕಿಂಗ್ ವಿಡಿಯೋ ಆಂಟಿ," ಅಂದ ಸಮಿತ್, ಈಗ ಹಿಂದಿಯಲ್ಲಿ, ಇನ್ನೂ ಕಾಲ ಹತ್ತಿರವೇ ಇದ್ದುಕೊಂಡು. "ಠಾಣೆಯಲ್ಲಿ ಸಿನೆಮಾದ ಮೊದಲು ತೋರಿಸ್ತೇವೆ. ಕಾಲೇಜಲ್ಲಿ ಜನ ಏನೇನೋ ಮಾತಾಡ್ತಿದ್ದಾರೆ, ನೀವು ನಗ್ತಾ ಒಂದು ಮಾತು ಹೇಳಿದರೆ ಎಲ್ಲ ಸರಿಹೋಗ್ತದೆ."

ಹಲ್ಲಿ ಮೈಮೇಲೆ ಬಿದ್ದ ಹಾಗೆ ನಾನು ಕಾಲು ಹಿಂದೆ ಎಳೆದುಕೊಂಡೆ. ಜೋರಾಗಿ ಏನೋ ಅಂದಿರಬೇಕು. ಮಾವ ಗಲ್ಲೆ ಬಿಟ್ಟು ಒಳಗೆ ಬಂದರು. "ಎಂತಾಯ್ತು?" ಅಂದರು. ಅವರಿಗೆ ಏನೂ ಗೊತ್ತಿರಲಿಲ್ಲ ನೋಡು. ಆ ಇಬ್ಬರು ಹುಡುಗರ ಮುಂದೆಯೇ ನಿಂತು ಎಲ್ಲ ಹೇಳಿದೆ, ಮಾತ್ರೆಯವರೆಗೆ.

ಮಾವನಿಗೆ ಸಿಟ್ಟು ಬಂದದ್ದನ್ನು ನೀನು ನೋಡಿದ್ದೀಯಾ? ನಾನೂ ಅಷ್ಟಾಗಿ ನೋಡಿಲ್ಲ. ಅವರು ಕೂಗಲಿಲ್ಲ. ಬಾಗಿಲಲ್ಲಿದ್ದ ಹುಡುಗನ ಕೈಯಿಂದ ಫೋನು ತೆಗೆದುಕೊಂಡರು, ನಿಧಾನವಾಗಿ, ಗಿರಾಕಿಯ ಕೈಯಿಂದ ಬಿಲ್ಲು ತೆಗೆದುಕೊಳ್ಳುವ ಹಾಗೆ. ಮುಸುರೆ ಬಾಲ್ದಿಯ ಹತ್ತಿರ ಹೋಗಿ ಅದರೊಳಗೆ ಬಿಟ್ಟರು. ಎಂಜಲು ಸಾಂಬಾರು, ಚಟ್ನಿ, ಅರ್ಧ ತಿಂದ ವಡೆ ಎಲ್ಲ ಇರುವ ಬಾಲ್ದಿ. "ಕೈ ಹಾಕಿ ತೆಗೆದುಕೊಂಡು ಹೋಗಿ," ಅಂದರು. ಆ ಹುಡುಗ ಅಂಗಿಯ ತೋಳು ಮಡಚಿ ಮೊಣಕೈವರೆಗೆ ಕೈ ಹಾಕಿ ಹುಡುಕಿದ. ಸಮಿತ್ ಮೂಗು ಮುಚ್ಚಿಕೊಂಡು ದೂರ ನಿಂತಿದ್ದ.

ಹುಡುಗರು ಹೋದ ಮೇಲೆ ಮಾವ ಬಾಲ್ದಿಯನ್ನು ಹೊರಗಿಟ್ಟು ಬಂದರು. "ನಾನು ಚಪ್ಪಾಳೆ ಹೊಡೆದೆ," ಅಂತ ಒಂದೇ ಮಾತು, ಅದೂ ಗೋಡೆಗೆ ಹೇಳಿದ ಹಾಗೆ.

ಈಗ ನಿನಗೆ ಯಾರೂ ಹೇಳದ ಒಂದು ವಿಷಯ ಹೇಳುತ್ತೇನೆ. ನಿನ್ನ ಅಪ್ಪ ಪುಂಡರೀಕಾಕ್ಷ ಗಾಡಿಯಿಂದ ಬಿದ್ದ ದಿನ ರೈಲ್ವೆ ಪೊಲೀಸರು ಹೊಟೇಲಿನ ನಂಬರಿಗೆ ಫೋನ್ ಮಾಡಿದ್ದು. ಎತ್ತಿದವರು ಮಾವ. ಅವರು ಒಳಗೆ ಬಂದು, "ವಾರಿಜಾ, ಪುಂಡರಿ ಹೋದ," ಅಂದರು. ನಾನು ಅಳಲಿಲ್ಲ. ಸಾಂಬಾರಿನ ಕೆಳಗಿನ ಗ್ಯಾಸ್ ಬಂದ್ ಮಾಡಿದೆ. ಹಿಟ್ಟಿಗೆ ಮುಚ್ಚಳ ಇಟ್ಟೆ. ನಳ್ಳಿಯ ಕೆಳಗೆ ಕೈ ತೊಳೆದೆ, ಬೆರಳ ಸಂದಿ ಎಲ್ಲ ಬಿಡಿಸಿ ತೊಳೆದೆ. ಆಮೇಲೆ ಅಕ್ಕಿಯ ಗೋಣಿಯ ಮೇಲೆ ಕೂತೆ. ಅಷ್ಟೇ. ಅಳು ಬಂದದ್ದು ಎಷ್ಟೋ ದಿನ ಕಳೆದು, ಕಲ್ಯಾಣದ ಬಸ್ಸಿನಲ್ಲಿ ಯಾರೋ ನನ್ನ ಕಾಲು ತುಳಿದದ್ದಕ್ಕೆ. ನಿಮ್ಮ ಕ್ಯಾಮರಾದ ಮುಂದೆ ನಾನು ಪ್ರತಿ ಸಲವೂ ಅದನ್ನೇ ಮಾಡಿದ್ದು, ಗ್ಯಾಸಿನಿಂದ ಗೋಣಿಯವರೆಗೆ, ಒಂದೂ ಬಿಡದೆ. ಅದಕ್ಕೆ ಅವನು ಫೀಲ್ ಇಲ್ಲ ಅಂದದ್ದು. ನೀನೂ ಮಾನಿಟರಿನ ಹಿಂದೆ ಇದ್ದೆ. ಏನೂ ಹೇಳಲಿಲ್ಲ.

ಬೈಯುತ್ತಿಲ್ಲ. ಯಾರೂ ನಿನಗೆ ಹೇಳಿರದಿದ್ದರೆ ನಿನಗಾದರೂ ಹೇಗೆ ಗೊತ್ತಾಗಬೇಕು.

ವಾರಿಜಾತ್ತೆ

*

ಸಾನಪಾಡಾ
12 ಮೇ 2025

ಅತ್ತೆ,

ನಿಮ್ಮ ಕಾಗದ ಬಂದು ತಿಂಗಳ ಮೇಲಾಯಿತು. ಬರೆಯಲು ಕೂತಾಗಲೆಲ್ಲ ಅಕ್ಕಿಯ ಗೋಣಿ ಕಣ್ಣಿಗೆ ಬರುತ್ತಿತ್ತು. ಅಮ್ಮನನ್ನು ಕೇಳಿದೆ, ಅವಳಿಗೂ ಅದು ಗೊತ್ತಿರಲಿಲ್ಲ.

ಆ ಶಾಟು ಹೋಯಿತು. ಹೇಗೆ ಹೋಯಿತು ಅಂತ ಮಾವ ನಿಮಗೆ ಹೇಳಿದ್ದಾರೋ ಇಲ್ಲವೋ. ಒಂದು ದಿನ ಕಾಲೇಜಿನ ಕಾರಿಡಾರಿನಲ್ಲಿ ಬಿಳಿ ಅಂಗಿ ಹಾಕಿಕೊಂಡು ಮಾವ ಕೂತಿದ್ದರು. "ನೀನು ಕ್ಲಾಸಿಗೆ ಹೋಗು, ನಿನ್ನ ಕೆಲಸ ಅಲ್ಲ," ಅಂದರು. ಅವರು ಕಶ್ಯಪ ಸರ್ ಕೋಣೆಗೆ ಹೋದಾಗ ನಾನು ಬಾಗಿಲ ಹೊರಗೇ ನಿಂತೆ. ಕಶ್ಯಪ ಸರ್ ಕಲೆ, ಸತ್ಯ, ಸಂವೇದನೆ ಅಂತ ಬಹಳ ಹೊತ್ತು ಮಾತಾಡಿದರು. ಮಾವ ಎಲ್ಲ ಕೇಳಿ, "ಸರಿ ಸರ್. ನನ್ನ ಹೆಂಡತಿ ಬೇಡ ಅಂದಿದ್ದಾಳೆ," ಅಂದರು. ಸರ್ ಮತ್ತೆ ಶುರು ಮಾಡಿದರು. ಮಾವ ಮತ್ತೆ ಅದನ್ನೇ ಅಂದರು. ಮೂರನೆಯ ಸಲ ಅದರ ಜೊತೆ, "ಇಲ್ಲಿಂದ ಪೊಲೀಸ್ ಠಾಣೆ ಹತ್ತಿರವೇ ಅಂತ ಕೆಳಗೆ ವಾಚ್‌ಮನ್ ಹೇಳಿದ," ಅಂದರು.

ಸಂಜೆಯೊಳಗೆ ಸರ್ ಮನೀಶನನ್ನು ಕರೆದು ಶಾಟ್ ತೆಗೆಯಲು ಹೇಳಿದರು. ನನ್ನನ್ನೂ ಕರೆದು, "ನನಗೆ ಮೊದಲಿನಿಂದಲೂ ಆ ಶಾಟಿನ ಬಗ್ಗೆ ಕಸಿವಿಸಿ ಇತ್ತು," ಅಂದರು. ನನ್ನ ಮುಖ ನೋಡಿಕೊಂಡೇ ಅಂದರು ಅತ್ತೆ. ಆ ಕೋಣೆಯಿಂದ ಹೊರಗೆ ಬಂದು ನಾನು ಮುಖ ತೊಳೆದುಕೊಂಡೆ.

ಸಮಿತ್ ತನ್ನ ಹೆಸರು ತೆಗೆಸಿಕೊಂಡ. ಇದು ತನ್ನ ಸಿನೆಮಾ ಅಲ್ಲವಂತೆ. ಕ್ಯಾಂಟೀನಿನಲ್ಲಿ ಈಗ ಅವನ ಸುತ್ತ ಮೊದಲಿಗಿಂತ ಹೆಚ್ಚು ಜನ ಇರುತ್ತಾರೆ. ಅನ್ಯಾಯವಾದದ್ದು ಅವನಿಗೆ ಅಂತ ಎಲ್ಲರೂ ಸಮಾಧಾನ ಮಾಡುತ್ತಾರೆ. ದಿಶಾ ನನ್ನನ್ನು ಕಂಡರೆ ಫೋನು ನೋಡುತ್ತಾಳೆ. ಮನೀಶ ಮತ್ತು ನಾನು ನೀವು ಮೊದಲ ದಿನ ಮಾಡಿದ್ದನ್ನು ಹುಡುಕಿ ತೆಗೆದು ಅಲ್ಲಿ ಹಾಕಿದೆವು. ಗ್ಯಾಸು, ಮುಚ್ಚಳ, ನಳ್ಳಿ, ಗೋಣಿ. ಕೊಳಲನ್ನೂ ತೆಗೆದೆವು.

ಶನಿವಾರ ಠಾಣೆಯಲ್ಲಿ ಪ್ರದರ್ಶನ ಆಯಿತು. ನಿಮ್ಮನ್ನು ಕರೆಯಲಿಲ್ಲ. ಯಾವ ಬಾಯಿಯಿಂದ ಕರೆಯಲಿ? ಬಹುಮಾನ ಯಾವುದೂ ಬರಲಿಲ್ಲ. ಆಮೇಲೆ ಒಬ್ಬ ಜಡ್ಜ್ ನನ್ನ ಹತ್ತಿರ ಬಂದು, "ಮುಖ್ಯ ಕ್ಷಣದಲ್ಲೇ ಕೈಕೊಟ್ಟಿರಿ. ಪೋಸ್ಟರಿನಲ್ಲಿ ಇರುವ ಆ ಮುಖ ಎಲ್ಲಿ?" ಅಂತ ಕೇಳಿದರು.

ಅವರಿಗೆ ಏನೋ ಹೇಳಿ ಕಳಿಸಿದೆ. ಆದರೆ ನಿಮಗೆ ಹೇಳಬೇಕಾದದ್ದು ಬೇರೆ. ಆ ಕತ್ತಲೆಯಲ್ಲಿ ಕೂತು ನೋಡುವಾಗ, ನೀವು ನಳ್ಳಿಯ ಕೆಳಗೆ ಬೆರಳ ಸಂದಿ ತೊಳೆಯುತ್ತಿರುವಾಗ, ನನ್ನೊಳಗೆ ಏನೋ ಕಾಯುತ್ತಿತ್ತು. ಈಗ ಅಳಲಿ, ಈಗ ಅಳಲಿ ಅಂತ. ನೀವು ಗೋಣಿಯ ಮೇಲೆ ಸುಮ್ಮನೆ ಕೂತಾಗ ನನಗೆ ಸಪ್ಪೆ ಅನ್ನಿಸಿತು. ಎಲ್ಲ ಗೊತ್ತಿರುವ ನನಗೆ. ಅಪ್ಪನ ಮಗಳಾದ ನನಗೆ. ಸಮಿತ್‌ನ ತುಟಿಯ ಚಟ್ನಿ ನೋಡಿದಾಗಲೂ ನನಗೆ ಅಷ್ಟು ಹೇಸಿಗೆ ಆಗಿರಲಿಲ್ಲ.

ಪಾಸಿಟಿವ್ ಆಗಿ ಬರೆದು ಕೊಡಬೇಕಿದ್ದ ಆ ಪುಟವನ್ನು ನಾನು ಕೊಡಲಿಲ್ಲ. ಆ ಮಾರ್ಕು ಹೋಗಲಿ.

ನಿಮ್ಮ
ಸಂಜನಾ

*

ಡೊಂಬಿವಲಿ ಪೂರ್ವ
15 ಮೇ 2025

ಸಂಜು ಮಗಾ,

ನೀನು ಕರೆಯದಿದ್ದರೂ ನಾವು ಬಂದಿದ್ದೆವು. ಮಾವನಿಗೆ ತಾರೀಕು ಗೊತ್ತಿತ್ತು. ಗಲ್ಲೆಯಲ್ಲಿ ಬೇರೆಯವರನ್ನು ಕೂರಿಸಿ, ಸ್ಲೋ ಗಾಡಿ ಹಿಡಿದು ಠಾಣೆಗೆ ಬಂದೆವು. ಕೊನೆಯ ಸಾಲಿನಲ್ಲಿ ಕೂತೆವು. ಬಾಗಿಲ ಹತ್ತಿರ ನನ್ನ ಮುಖದ ಪೋಸ್ಟರ್ ಇನ್ನೂ ಇತ್ತು, ಸೆರಗು ತಲೆಗೆ ಎಳೆದುಕೊಂಡು ಅದನ್ನು ದಾಟಿದೆ. ಅಸಹ್ಯ ಇನ್ನೂ ಹೋಗಿಲ್ಲ, ಹೋಗುತ್ತದೆ ಅಂತ ನಿನಗೆ ಸುಳ್ಳು ಹೇಳುವುದಿಲ್ಲ. ಇನ್ನು ಮುಂದೆ ಯಾರ ಕ್ಯಾಮರಾದ ಮುಂದೆಯೂ ನಾನು ನಿಲ್ಲುವುದಿಲ್ಲ, ನೀನು ಕೇಳಲೂಬೇಡ.

ನಿನಗೆ ಸಪ್ಪೆ ಅನ್ನಿಸಿದ್ದನ್ನು ಬರೆದದ್ದು ಒಳ್ಳೆಯದಾಯಿತು. ಬರೆಯದೆ ಇದ್ದಿದ್ದರೆ ಅದು ನಿನ್ನೊಳಗೆ ಕೊಳೆಯುತ್ತಿತ್ತು. ಬೇರೆ ಎಂತ ಹೇಳಲಿ ಅದಕ್ಕೆ? ನನಗೂ ಬೇಜಾರಾಯಿತು, ಹೌದು.

ಗ್ಯಾಸ್ ಬಂದ್ ಮಾಡುವುದು ಬಂದಾಗ ಮಾವ ಕನ್ನಡಕ ತೆಗೆದರು. ನಿನ್ನ ಅಪ್ಪ ಹೋದ ದಿನ ಅಡುಗೆಮನೆಯಲ್ಲಿ ನನ್ನನ್ನು ಹಾಗೆ ನೋಡಿದವರು ಅವರೊಬ್ಬರೇ ಅಲ್ಲವಾ. ಅವರ ಹೆಗಲು ನಡುಗುವುದು ನನ್ನ ತೋಳಿಗೆ ಗೊತ್ತಾಗುತ್ತಿತ್ತು. ನಾನು ಅವರ ಕಡೆ ತಿರುಗಲಿಲ್ಲ. ಇಷ್ಟು ವರ್ಷದಲ್ಲಿ ಅವರು ಅತ್ತದ್ದನ್ನು ನಾನು ನೋಡಿಲ್ಲ, ನೋಡುವುದು ಬೇಡ ಅನ್ನಿಸಿತು.

ನನ್ನ ಇನ್ನೊಂದು ಪಕ್ಕದಲ್ಲಿ ಒಬ್ಬ ಹೆಂಗಸು ಕೂತಿದ್ದಳು, ನನ್ನದೇ ಪ್ರಾಯ, ಯಾವುದೋ ಹುಡುಗನ ತಾಯಿ ಇರಬೇಕು. ಕತ್ತಲೆಯಲ್ಲಿ ನನ್ನ ಗುರುತು ಹತ್ತಲಿಲ್ಲ. ನಾನು ಗೋಣಿಯ ಮೇಲೆ ಕೂತದ್ದನ್ನು ನೋಡಿ, ಕೈಯ ಪಾಪ್‌ಕಾರ್ನ್ ನನ್ನ ಕಡೆ ಚಾಚಿ, "ಇನ್ಕೋ ತೋ ಆ್ಯಕ್ಟಿಂಗ್ ಹೀ ನಹೀ ಆತೀ," ಅಂದಳು, ಇವರಿಗೆ ನಟನೆಯೇ ಬರುವುದಿಲ್ಲ ಅಂತ.

"ಹಾಂ," ಅಂದೆ ನಾನು, "ಬಿಲ್ಕುಲ್ ನಹೀ ಆತೀ." ಅವಳ ಪಾಪ್‌ಕಾರ್ನ್ ಸ್ವಲ್ಪ ತೆಗೆದುಕೊಂಡು ತಿಂದೆ.

ನಿನ್ನ ಅತ್ತೆ
ವಾರಿಜಾ